ಕುದಿಯದ ನೀರು, ಪರೀಕ್ಷಿಸದ ಮನಸ್ಸು

ಜೈನ ಗೃಹಸ್ಥನ ದಿನಚರಿಯಲ್ಲಿ ನೀರಿನ ಬಳಕೆಯೂ ಒಂದು ವ್ರತವೇ ಆಗಿದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮರ್ಯಾದೆ; ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆ. ದಿಗಂಬರ ಪರಂಪರೆಯ ಮನೆಗಳಲ್ಲಿ ಈ ತಿಳಿವಳಿಕೆ ಹಿರಿಯರಿಂದ ಕಿರಿಯರಿಗೆ ಹರಿದುಬಂದಿದೆ. ಎರಡನೆಯ ಎಣಿಕೆ ನಿಂತಿರುವುದು ನೀರು ನಿಜವಾಗಿ ಕುದಿಯಿತು ಎಂಬ ಒಂದೇ ಸಂಗತಿಯ ಮೇಲೆ. ಒಲೆಯ ಮುಂದೆ ಕುಳಿತು ಕಾಯಿಸುತ್ತಿದ್ದವರಿಗೆ ಇದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಈಗ ಕೆಲವು ಮನೆಗಳಲ್ಲಿ ಆ ಕೆಲಸವನ್ನು ವಿದ್ಯುತ್ ಹೀಟರು ಮಾಡುತ್ತದೆ. ಸ್ವಿಚ್ಚು ಒತ್ತಿದವರು ಬೇರೆ ಕೆಲಸಕ್ಕೆ ಹೊರಟುಬಿಡುತ್ತಾರೆ. ಹೀಟರು ತಕ್ಕಷ್ಟು ಶಾಖ ಕೊಡದೆ ಹೋದರೆ ಆಗುವುದೇನು ಎಂಬುದು ವಿಚಾರಾರ್ಹ.

ಗುಬ್ಬಿ ತಾಲ್ಲೂಕಿನ ಅಡಿಕೆ ತೋಟದ ನಡುವಿನ ಒಂದು ಶ್ರಾವಕರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅತ್ತೆಯವರು ವ್ರತಸ್ಥರು, ಕುದಿಸಿದ ನೀರನ್ನಲ್ಲದೆ ಕುಡಿಯರು, ಸೂರ್ಯಾಸ್ತದ ಮೇಲೆ ಏನನ್ನೂ ಸೇವಿಸರು. ಸೊಸೆ ಮಧ್ಯಾಹ್ನ ಹತ್ತು ಲೀಟರು ನೀರನ್ನು ಸೋಸಿ, ಪಾತ್ರೆಯಲ್ಲಿ 1500 ವಾಟ್‌ಗಳ ಕಾಯಿಲ್ ಇಟ್ಟು, ಎಂದಿನಂತೆ 35 ನಿಮಿಷಗಳಾದ ಮೇಲೆ ಆರಿಸುತ್ತಾಳೆ. ಒಂದು ದಿನ ಅತ್ತೆಯವರು ಲೋಟ ಮುಟ್ಟಿ, "ಏನಮ್ಮ, ಅವಸರದಲ್ಲಿ ಆರಿಸಿಬಿಟ್ಟೆಯಾ?" ಎನ್ನುತ್ತಾರೆ. "ಇಲ್ಲ ಅತ್ತೆ, ಗಡಿಯಾರ ನೋಡಿಯೇ ಆರಿಸಿದೆ" ಎಂದು ಸೊಸೆ ಹೇಳುತ್ತಾಳೆ. ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅತ್ತೆಯವರು ಬಾಯಾರಿಕೆಯಲ್ಲೇ ರಾತ್ರಿ ಕಳೆಯುತ್ತಾರೆ. ಸೊಸೆ ಅಪವಾದ ಹೊತ್ತು ಕಣ್ಣೀರಿನಲ್ಲಿ ಕಳೆಯುತ್ತಾಳೆ.

ಇಲ್ಲಿ ಸುಳ್ಳಾಡಿದವರು ಯಾರೂ ಇಲ್ಲ. ತೋಟಗಳ ಪಂಪ್‌ಸೆಟ್ಟುಗಳು ಒಮ್ಮೆಗೇ ಓಡುವ ಹೊತ್ತಿನಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗೆ 230 ವೋಲ್ಟಿಗೆ ಬದಲಾಗಿ 180 ವೋಲ್ಟು ಬಂದಿತೆನ್ನೋಣ. ವೋಲ್ಟೇಜು ಕಡಿಮೆಯಾದಾಗ ಹೀಟರಿನ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ; ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ, ಇನ್ನೂ ಹೆಚ್ಚಾಗಿ ಇಳಿಯುತ್ತದೆ. 1500 ವಾಟ್‌ಗಳ ಕಾಯಿಲ್ ಆಗ ಕೊಡುವುದು ಸುಮಾರು 920 ವಾಟ್ ಮಾತ್ರ. 25 ಡಿಗ್ರಿಯ ನೀರನ್ನು 35 ನಿಮಿಷದಲ್ಲಿ ಕುದಿಸುತ್ತಿದ್ದ ಕಾಯಿಲ್‌ಗೆ ಈಗ 57 ನಿಮಿಷವಾದರೂ ಬೇಕು. ಗಡಿಯಾರವನ್ನು ನಂಬಿ ಆರಿಸಿದಾಗ ನೀರು ಸುಮಾರು 70 ಡಿಗ್ರಿಯಲ್ಲಿತ್ತು. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವಿದೆ. ಆದರೆ ಹುಟ್ಟುವ ವಿದ್ಯುತ್ತೇ ಬೇರೆ, ಕೊನೆಯ ಕಂಬದ ಮನೆಗೆ ತಲಪುವ ಬಲವೇ ಬೇರೆ.

ಶಾಖ ಕುಂದಲು ಬೇರೆ ಕಾರಣಗಳೂ ಉಂಟು. ತುಮಕೂರು ನಗರದಲ್ಲಿ ಕೊಳವೆಬಾವಿಯ ಗಡುಸು ನೀರನ್ನು ಬಳಸುವ ಮನೆಗಳಲ್ಲಿ ಕಾಯಿಲ್‌ಗೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ; ಶಾಖ ನೀರಿಗೆ ಸರಾಗವಾಗಿ ದಾಟದೆ ಒಳಗಿನ ತಂತಿ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಪ್ಲಗ್ಗು ತೆಗೆದು, ಕಾಯಿಲ್ ತಣಿದ ಮೇಲೆ, ಅದರ ತುದಿಯನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿದರೆ ಪದರ ಸಡಿಲವಾಗುತ್ತದೆ. ಕುಣಿಗಲ್ ಪೇಟೆಯ ಹಳೆಯ ಮನೆಗಳಂಥಲ್ಲಿ ದೀಪಕ್ಕೂ ರೇಡಿಯೋಗೂ ಹಾಕಿಸಿದ 5 ಆಂಪಿಯರ್ ಪ್ಲಗ್ಗಿಗೆ, ಆರೂವರೆ ಆಂಪಿಯರ್ ಎಳೆಯುವ ಹೀಟರನ್ನು ಸಿಕ್ಕಿಸುವುದುಂಟು. ಪ್ಲಗ್ಗು ಕೈಗೆ ಬಿಸಿಯಾಗಿ ತಾಕಿದರೆ ನೀರಿಗೆ ಸಲ್ಲಬೇಕಾದ ಶಾಖ ಅಲ್ಲಿ ಸೋರುತ್ತಿದೆ ಎಂದರ್ಥ. ಅದು ಬೆಂಕಿಯ ಮುನ್ಸೂಚನೆಯೂ ಹೌದು. ದೊಡ್ಡ ಬಾಯ್ಲರಿನ ಎರಡು ಕಾಯಿಲ್‌ಗಳಲ್ಲಿ ಒಂದು ಸುಟ್ಟಿದ್ದರೆ ಶಾಖ ಅರ್ಧಕ್ಕಿಳಿಯುತ್ತದೆ. ಇನ್ನು ಗೀಸರಿನ ಕೆಂಪು ದೀಪ ಆರಿತೆಂದರೆ ನೀರು ಕುದಿಯಿತೆಂದಲ್ಲ. ಕುದಿಯುವ ಮೊದಲೇ ವಿದ್ಯುತ್ತನ್ನು ತಡೆಯುವಂತೆ ಅದನ್ನು ರಚಿಸಲಾಗಿದೆ. ಸ್ನಾನಕ್ಕೆ ಆ ನೀರು ಸಾಕು, ವ್ರತಕ್ಕೆ ಸಾಲದು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲದಲ್ಲಿ ಇರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ನೀರು, ಅಗ್ನಿ ಮೊದಲಾದವುಗಳನ್ನು ನಿಷ್ಪ್ರಯೋಜನವಾಗಿ ವ್ಯಯಿಸುವುದು ಅದರಲ್ಲಿ ಸೇರುತ್ತದೆ. ದೋಷ ಹುಡುಕದೆ ಹೀಟರನ್ನು ಗಂಟೆಗಟ್ಟಲೆ ಉರಿಸುವುದು, ವೋಲ್ಟೇಜು ಸಾಲದಿರುವಾಗ ಇನ್ನೂ ದೊಡ್ಡ ಹೀಟರು ತಂದು ನೆರೆಯವರ ವೋಲ್ಟೇಜನ್ನೂ ಇಳಿಸುವುದು ಇದೇ ಜಾತಿಗೆ ಸೇರಿದವು. ಇದಕ್ಕಿಂತ ಸೂಕ್ಷ್ಮವಾದ ಪ್ರಮಾದ ಮತ್ತೊಂದಿದೆ. ವಸ್ತುವಿನ ದೋಷವನ್ನು ಪರೀಕ್ಷಿಸದೆ ವ್ಯಕ್ತಿಯ ಮೇಲೆ ಹೊರಿಸುವುದು ಅದು. ಜಲಕಾಯ ಜೀವಿಗಳಿಗೆ ಮರುಗುವ ಮನೆ ಎದುರಿಗಿರುವ ಪಂಚೇಂದ್ರಿಯ ಜೀವಿಯ ಮನಸ್ಸನ್ನು ನೋಯಿಸಿದರೆ ವ್ರತದ ತಿರುಳೇ ಜಾರಿಹೋದಂತೆ.

ಪರೀಕ್ಷೆ ಕಷ್ಟದ್ದೇನಲ್ಲ. ದೀಪ ಮಂಕಾಗಿದೆಯೇ, ಫ್ಯಾನು ನಿಧಾನವಾಗಿದೆಯೇ ಎಂದು ಮೊದಲು ನೋಡಬೇಕು. ಹಾಗಿದ್ದರೆ ನೆರೆಮನೆಯಲ್ಲಿ ವಿಚಾರಿಸಿ ಲೈನ್‌ಮನ್‌ಗೆ ತಿಳಿಸಬೇಕು. ಅಲ್ಲಿಯವರೆಗೆ ನೀರು ಕಾಯಿಸುವ ಹೊತ್ತನ್ನು ಬದಲಿಸಬಹುದು, ಇಲ್ಲವೇ ಒಲೆಗೆ ಮರಳಬಹುದು. ವೋಲ್ಟೇಜು ಸರಿಯಿದ್ದೂ ಶಾಖ ಕಡಿಮೆಯಿದ್ದರೆ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಕಾಯಿಲ್, ಪ್ಲಗ್ಗು, ಅರ್ಥಿಂಗುಗಳನ್ನು ನೋಡಿಸಬೇಕು. ಪ್ಲಗ್ಗು ತೆಗೆಯದೆ ನೀರಿಗೆ ಕೈ ಅದ್ದಲೇಬಾರದು. ಯಾತ್ರಿಕರಿಗೆ ಬಿಸಿನೀರು ಒದಗಿಸುವ ಬಸದಿಗಳ ಟ್ರಸ್ಟುಗಳು ಚಾತುರ್ಮಾಸಕ್ಕೆ ಮುನ್ನ ವರ್ಷಕ್ಕೊಮ್ಮೆಯಾದರೂ ಈ ತಪಾಸಣೆ ಮಾಡಿಸುವುದು, ಹೊಸ ಯಂತ್ರಕ್ಕೆ ದಾನಿಗಳನ್ನು ಅರಸುವುದಕ್ಕಿಂತ ಮೊದಲಿನ ಕರ್ತವ್ಯ.

ನೀರು ಕುದಿಯಿತೇ ಎಂಬುದಕ್ಕೆ ಗಡಿಯಾರವಾಗಲಿ ಕೆಂಪು ದೀಪವಾಗಲಿ ಸಾಕ್ಷಿಯಲ್ಲ. ತಳದಿಂದೆದ್ದು ಬರುವ ಗುಳ್ಳೆಗಳನ್ನು ಕಂಡ ಕಣ್ಣೇ ಸಾಕ್ಷಿ. ಯಂತ್ರವು ಶ್ರಮವನ್ನು ಹಂಚಿಕೊಳ್ಳಬಲ್ಲದು, ಎಚ್ಚರವನ್ನು ಹಂಚಿಕೊಳ್ಳಲಾರದು. ಆ ಎಚ್ಚರವನ್ನು ಶ್ರಾವಕ-ಶ್ರಾವಿಕೆಯರು ನೀರಿನ ವಿಷಯದಲ್ಲಿ ಮಾತ್ರವಲ್ಲ, ಮನೆಯವರ ಮೇಲೆ ಆಡುವ ಮಾತಿನ ವಿಷಯದಲ್ಲಿಯೂ ಕಾಪಾಡಿಕೊಂಡರೆ ಅಹಿಂಸೆ ಅಡುಗೆಮನೆಯಲ್ಲಿಯೇ ನೆಲೆಗೊಳ್ಳುತ್ತದೆ.