ಒಂದು ಮಾತು ಹೇಳಬಹುದಿತ್ತು

ಕಳೆದ ಸಲ ಊರಿಗೆ, ಅಂದ್ರೆ ನೆರಿಯಕ್ಕೆ, ಹೋದಾಗ ಒಂದು ಸಂಜೆ ಜೋರು ಮಳೆ. ಕರೆಂಟು ಎಂದಿನಂತೆ ನಾಪತ್ತೆ. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು, "ಅಲ್ಲ ಮಾರಾಯ, ನಿಮ್ಮ ಆರ್‌ಸಿಬಿಯವರು ಆ ಚಾಹಲನ್ನು ಬಿಟ್ಟದ್ದು ಎಂತಕ್ಕೆ?"

ಬಿಟ್ಟು ವರ್ಷಗಳೇ ಆದವು. ಅಪ್ಪನಿಗೆ ಇನ್ನೂ ಅರಗಿಲ್ಲ!

ಅಪ್ಪನಿಗೆ ಯಕ್ಷಗಾನದ ಹುಚ್ಚು. ಪತ್ತನಾಜೆ, ಅಂದ್ರೆ ಮೇ 24ರ ಆಸುಪಾಸು, ಬಂತೆಂದರೆ ನಮ್ಮ ಕಡೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲ ಪೂರ್ತಿ ಅಪ್ಪ ಮತ್ತು ಅವರ ದೋಸ್ತಿಗಳಿಗೆ ಒಂದೇ ಮಾತು. ಈ ಸಲ ಯಾವ ಭಾಗವತರು ಯಾವ ಮೇಳಕ್ಕೆ? ಯಾವ ವೇಷಧಾರಿ ಮೇಳ ಬಿಟ್ಟರಂತೆ? ಸುರತ್ಕಲ್ ಮೇಳ, ಕರ್ನಾಟಕ ಮೇಳ ಎಲ್ಲ ಟೆಂಟು ಹಾಕುತ್ತಿದ್ದ ಕಾಲದಿಂದಲೂ ಅವರಿಗೆ ಈ ಚಟ ಇದೆ. ಅದೇ ಚಟ ನನಗೂ ಬಂದಿದೆ. ಮೇಳದ ಜಾಗದಲ್ಲಿ ಆರ್‌ಸಿಬಿ, ಅಷ್ಟೇ ವ್ಯತ್ಯಾಸ.

ಕರೆಂಟು ಬರುವ ಲಕ್ಷಣ ಇರಲಿಲ್ಲ. ಕ್ಯಾಂಡಲ್ ಹಚ್ಚಿಟ್ಟು ಇಬ್ಬರೂ ಹಳೇ ಲೆಕ್ಕ ತೆಗೆದೆವು.

ಮೊದಲು 2009. ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪನನ್ನು ತಂದದ್ದು. ನಾನು ಆಗ ಪ್ರೈಮರಿ ಶಾಲೆ. 'ಕೊಡಗಿನ ಹುಡುಗ ಮನೆಗೆ ಬಂದ' ಅಂತ ಕುಣಿದಿದ್ದೆ. ಆ ವರ್ಷದ ಫೈನಲ್ ಜೋಹಾನ್ಸ್‌ಬರ್ಗ್‌ನಲ್ಲಿ, ಸರಿಯಾಗಿ ಮೇ 24ಕ್ಕೆ. ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. ನಾನು ಅನ್ನ ಬಿಟ್ಟು ಮಲಗಿದ್ದೆನಂತೆ, ಅಮ್ಮ ಈಗಲೂ ಹೇಳುತ್ತಾರೆ. ತನಗೆ ಮುಂಬೈ ಬಿಡಲು ಮನಸ್ಸೇ ಇರಲಿಲ್ಲ ಅಂತ ರಾಬಿನ್ ಹೇಳಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ನಾವು ಮನೆಗೆ ಬಂದ ಅಂತ ಕುಣಿಯುತ್ತಿದ್ದಾಗ ಆ ಮನುಷ್ಯ ಒಳಗೊಳಗೇ ಕುಸಿದಿದ್ದ!

2016ರಲ್ಲಿ ಹೈದರಾಬಾದಿನಿಂದ ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್‌ನನ್ನು ವಾಪಸ್ ತಂದರು. 397 ರನ್ ಹೊಡೆದ. ಕೊನೆಗೆ ಫೈನಲ್ಲಿನಲ್ಲಿ ಅದೇ ಹೈದರಾಬಾದಿಗೆ 8 ರನ್ನಿನಿಂದ ಸೋತೆವು. 2018ರ ಕೊನೆಗೆ ಡಿ ಕಾಕ್‌ನನ್ನು ಮುಂಬೈಗೆ 2.8 ಕೋಟಿಗೆ ಕೊಟ್ಟರು. ಮುಂದಿನ ಸೀಸನ್ನಿನಲ್ಲಿ ಅವನು 529 ರನ್ ಹೊಡೆದ, ಮುಂಬೈ ಕಪ್ ಗೆದ್ದಿತು, ನಾವು ಪಟ್ಟಿಯ ಕೊನೆಗೆ. "ಇದು ಹಾಲು ಕೊಡುವ ದನವನ್ನು ಆಚೆಮನೆಗೆ ಕೊಟ್ಟ ಹಾಗೆ" ಅಂದರು ಅಪ್ಪ. ಹೋಗಲಿ, 2021ರಲ್ಲಿ ಡೆಲ್ಲಿಯಿಂದ ಹರ್ಷಲ್ ಪಟೇಲ್‌ನನ್ನು ಟ್ರೇಡ್ ಮಾಡಿ ತಂದರಲ್ಲ, ಒಂದೇ ಸೀಸನ್ನಿಗೆ 32 ವಿಕೆಟ್. ಬ್ರಾವೋನ ದಾಖಲೆಗೆ ಸಮ. ಒಂದಾದರೂ ಸರಿ ಮಾಡಿದರು ಅಂತ ಸಮಾಧಾನ ಪಟ್ಟುಕೊಂಡೆವು.

ಆಮೇಲೆ ಚಾಹಲ್. ಇದು ಟ್ರೇಡ್ ಅಲ್ಲ, ಬಿಟ್ಟದ್ದು. 2014ರಲ್ಲಿ 10 ಲಕ್ಷಕ್ಕೆ ಬಂದ ಹುಡುಗ ಎಂಟು ಸೀಸನ್ ಆಡಿ ಆರ್‌ಸಿಬಿಗೆ ಅತಿ ಹೆಚ್ಚು ವಿಕೆಟ್ ತೆಗೆದವನಾದ. 2022ರ ಹರಾಜಿಗೆ ಮೊದಲು ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರನ್ನೇ ಇಟ್ಟುಕೊಂಡರು. ರಾಜಸ್ಥಾನ 6.5 ಕೋಟಿಗೆ ಚಾಹಲ್‌ನನ್ನು ಒಯ್ದಿತು. ಆ ವರ್ಷ 27 ವಿಕೆಟ್, ಇಡೀ ಐಪಿಎಲ್‌ಗೇ ಹೆಚ್ಚು. ಆದರೆ ಆರ್‌ಸಿಬಿ ಆ ಜಾಗಕ್ಕೆ ತಂದ ಹಸರಂಗ ತೆಗೆದದ್ದೂ 26!

"ನೋಡಿ ಅಪ್ಪ, ಲೆಕ್ಕದಲ್ಲಿ ನಷ್ಟ ಒಂದೇ ವಿಕೆಟ್" ಅಂತ ಎಂಜಿನಿಯರ್ ಬುದ್ಧಿ ತೋರಿಸಿದೆ.

"ವಿಕೆಟಿನ ಲೆಕ್ಕ ಯಾರು ಕೇಳಿದ್ದು? ಅವನಿಗೆ ಒಂದು ಫೋನೂ ಮಾಡ್ಲಿಲ್ಲ ಅಂತ ಅವನೇ ಹೇಳಿದ್ದಾನಲ್ಲ. ಮೇಳದಿಂದ ಬಿಡುವುದಾದ್ರೆ ಬಿಡಲಿ. ಮುಖ ನೋಡಿ ಹೇಳ್ಬೇಕು ಮಾರಾಯ."

ನಾನು ಸುಮ್ಮನಾದೆ. ಕತ್ತಲಲ್ಲಿ ನನ್ನ ಮುಖ ಅಪ್ಪನಿಗೆ ಕಂಡಿರಲಿಕ್ಕಿಲ್ಲ.

ವಿಷಯ ಏನೆಂದರೆ, ಹೋದ ವರ್ಷ ಆಫೀಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಲೀಡ್ ಆಗಿ ಆರು ತಿಂಗಳಾಗಿತ್ತು. ಟೀಮಿನಿಂದ ಒಬ್ಬನನ್ನು ಬೇರೆ ಪ್ರಾಜೆಕ್ಟಿಗೆ ಕೊಡಬೇಕು, ಬದಲಿಗೆ ಆ ಕಡೆಯಿಂದ ಒಬ್ಬ ಬರುತ್ತಾನೆ, ಸಂಜೆಯೊಳಗೆ ಹೆಸರು ಕಳಿಸು ಅಂದರು. ಎಕ್ಸೆಲ್ ಶೀಟು ತೆರೆದು, ಅಂಕಿಸಂಖ್ಯೆ ನೋಡಿ, ಹಾವೇರಿ ಕಡೆಯ ಒಬ್ಬ ಹುಡುಗನ ಹೆಸರು ಬರೆದೆ. ಮೂರು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದವನು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ನನ್ನ ಜೊತೆ ಎದ್ದು ಕೂತವನು. ನಾಳೆ ಹೇಳೋಣ, ಸೋಮವಾರ ಹೇಳೋಣ ಅಂತ ಮುಂದೂಡಿದೆ. ಅಷ್ಟರಲ್ಲಿ ಅವನಿಗೆ ಮೇಲ್ ಹೋಗಿತ್ತು. ಬ್ಯಾಗು ಎತ್ತಿಕೊಂಡು ಬಂದು "ಒಂದ್ ಮಾತ್ ಹೇಳಿದ್ರ ಆಗ್ತಿತ್ತಲ್ರೀ ಅಣ್ಣ" ಅಂದ. ಅಷ್ಟೇ. ಜಗಳ ಇಲ್ಲ, ಏನಿಲ್ಲ.

ಬದಲಿಗೆ ಬಂದವನು ಚೆನ್ನಾಗಿ ಕೆಲಸ ಮಾಡುತ್ತಾನೆ. ಇವನೂ ಅಲ್ಲಿ ಚೆನ್ನಾಗಿದ್ದಾನಂತೆ. ಶೀಟಿನ ಲೆಕ್ಕದಲ್ಲಿ ನನ್ನದು ಒಳ್ಳೇ ಟ್ರೇಡ್. ಆದರೂ ಕ್ಯಾಂಟೀನಿನಲ್ಲಿ ಅವನು ಕಂಡರೆ ನಾನು ಮೊಬೈಲ್ ನೋಡುತ್ತಾ ದಾಟಿ ಹೋಗುತ್ತಿದ್ದೆ.

2025ರ ಜೂನ್ 3ರ ರಾತ್ರಿ ನೆನಪಾಯಿತು. ಆರ್‌ಸಿಬಿ ಕೊನೆಗೂ ಗೆದ್ದಿತ್ತು, ಅದೂ ಅದೇ 6 ರನ್ನಿನಿಂದ. ಎದುರು ಪಂಜಾಬ್ ಅಂಗಿ ತೊಟ್ಟು ಚಾಹಲ್ ಇದ್ದ. ನಾವೆಲ್ಲ ಕೊಹ್ಲಿಯ ಕಣ್ಣೀರು ನೋಡುತ್ತಿದ್ದೆವು. ಎಂಟು ವರ್ಷ ನಮಗೇ ಆಡಿದವನು ಆಗ ಯಾವ ಕಡೆ ನೋಡುತ್ತಿದ್ದನೋ, ನಾನಂತೂ ಗಮನಿಸಿರಲಿಲ್ಲ.

ಮಳೆ ನಿಂತ ಮೇಲೆ ಟಾರ್ಚು ಹಿಡಿದು ಗುಡ್ಡೆ ಹತ್ತಿದೆ. ಅಲ್ಲಿ ಎರಡು ಗೆರೆ ಸಿಗ್ನಲ್ ಸಿಗುತ್ತದೆ. ಅವನಿಗೆ ಫೋನ್ ಮಾಡಿ, ಹೆಸರು ಬರೆದದ್ದು ನಾನೇ, ಹೇಳಲು ಧೈರ್ಯ ಬರಲಿಲ್ಲ, ತಪ್ಪಾಯಿತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಗೊತ್ತಿತ್ರೀ ಅಣ್ಣ. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಆಮೇಲೆ ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಊರಲ್ಲಿ ಮಳೆ ಹೆಂಗೈತ್ರೀ ಅಂದ. ಜೋರುಂಟು ಅಂದೆ. ಸೋಮವಾರ ಕ್ಯಾಂಟೀನಿಗೆ ಬರ್ತೀರಾ ಅಂದ. ಬರ್ತೇನೆ ಅಂದೆ.

ಕೆಳಗೆ ಇಳಿದು ಬರುವಾಗ ಅಪ್ಪ ಜಗಲಿಯಲ್ಲೇ ಇದ್ದರು. "ಇಷ್ಟು ಹೊತ್ತಿಗೆ ಗುಡ್ಡೆಯಲ್ಲಿ ಎಂತ ಕೆಲಸ ನಿಂಗೆ?"

"ಒಂದು ಫೋನ್ ಬಾಕಿ ಇತ್ತು" ಅಂದೆ.