ಹಾಲಿನಂಥ ಮದ್ದು

ನಮ್ಮ ಮೊಹಲ್ಲಾದಲ್ಲಿ ಯಾರೂ ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ಅವರನ್ನು ಕಿದ್ವಾಯಿಗೆ ಕರೆದೊಯ್ದಿದ್ದಾರೆ’ ಎಂದರೆ ಸಾಕು, ಕೇಳಿದವರು ಸೆರಗು ಸರಿಪಡಿಸಿಕೊಂಡು ಸುಮ್ಮನಾಗುತ್ತಾರೆ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಆಸ್ಪತ್ರೆ ಎಷ್ಟೋ ಬಡವರ ಜೀವ ಉಳಿಸಿದೆ. ನಾವಾದರೋ ಆ ಹಿರಿಯರ ಹೆಸರನ್ನೇ ರೋಗದ ಹೆಸರಾಗಿ ಮಾಡಿಕೊಂಡಿದ್ದೇವೆ. ಉರ್ದು ಶಾಲೆಯಲ್ಲಿ ನಾವು ಕಲಿತ ಪದ ‘ಸರ್ತಾನ್’, ಅಂದರೆ ಏಡಿ. ಕನ್ನಡ ಮೇಷ್ಟ್ರು ಕಲಿಸಿದ್ದು ‘ಅರ್ಬುದ’. ಎರಡು ಭಾಷೆಗಳಲ್ಲಿ ಹೆಸರು ಗೊತ್ತಿದ್ದೂ, ಹೇಳಬೇಕಾದ ದಿನ ನಾವು ಎರಡರಲ್ಲೂ ಹೇಳಲಿಲ್ಲ.

ಮೈಸೂರಿನ ಉದಯಗಿರಿಯಲ್ಲಿದ್ದ ನಮ್ಮ ಖಾಲಾ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ, ನಮ್ಮ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಹುಣಸೆ ಬೀಜದಷ್ಟು ಗಂಟು. ‘ನೋವೇ ಇಲ್ಲ. ಬಚ್ಚಿಯ ನಿಕಾಹ್ ಮುಗಿಯಲಿ. ಕಿಸೀಕೂ ನಕ್ಕೋ ಬೋಲ್’ ಎಂದರು. ಯಾರಿಗೂ ಹೇಳಬೇಡ ಎಂಬ ಆ ಮಾತನ್ನು ನಾವು ಪಾಲಿಸಿದೆವು. ತಾಯಿಗೆ ಇಂಥ ರೋಗವಿದೆಯೆಂದು ತಿಳಿದರೆ ಮಗಳ ಸಂಬಂಧ ಮುರಿದುಬೀಳುತ್ತದೆಂಬ ಭಯ ಅವರಿಗಿತ್ತು. ನಿಜ ಹೇಳಬೇಕೆಂದರೆ ನಮಗೂ ಇತ್ತು. ನಿಕಾಹ್ ಮುಗಿಯಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ, ಕಂಕುಳಿಗೂ ಹರಡಿತ್ತು. ನೋವಿಲ್ಲದ ಗಂಟೆಂದು ಸುಮ್ಮನಿರಬಾರದಿತ್ತು ಎಂದು ಡಾಕ್ಟರು ಹೇಳುವಾಗ ನಾವು ನೆಲ ನೋಡುತ್ತಿದ್ದೆವು.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಯ ಮೊದಲ ಡ್ರಿಪ್ ಹಾಕಿದಾಗ ಖಾಲಾರಿಗೆ ಉಸಿರು ಕಟ್ಟಿತು, ಮುಖವೆಲ್ಲ ಕೆಂಪಾಯಿತು. ಕೂಡಲೇ ನಿಲ್ಲಿಸಿದರು. ಈ ಔಷಧಿ ನೀರಿನಲ್ಲಿ ಕರಗುವುದಿಲ್ಲವಂತೆ. ಹರಳೆಣ್ಣೆಯಿಂದ ತಯಾರಾದ ಒಂದು ದ್ರಾವಕದಲ್ಲಿ ಅದನ್ನು ಕರಗಿಸುತ್ತಾರೆ; ಹಲವರ ಮೈಗೆ ಒಗ್ಗದಿರುವುದು ಆ ದ್ರಾವಕವೇ. ಮುಂದಿನ ಬಾರಿ ಅದೇ ಔಷಧಿಯ ನ್ಯಾನೋ ರೂಪವನ್ನು ತರಿಸಿದರು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧಿಯನ್ನು ಕಟ್ಟಿ, ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣಗಳನ್ನಾಗಿ ಮಾಡಿರುತ್ತಾರೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಮೀಟರ್. ರಕ್ತದ ಒಂದು ಕೆಂಪು ಕಣವೇ ಸುಮಾರು 7,000 ನ್ಯಾನೋಮೀಟರ್ ಅಗಲವಿರುತ್ತದೆ. ಈ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲೇ, 1995ರಲ್ಲಿ, ಕೊಬ್ಬಿನ ಸೂಕ್ಷ್ಮ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ತುಂಬಿದ ಔಷಧಿಗೂ ಅನುಮತಿ ದೊರೆತಿತ್ತು. ಹೃದಯಕ್ಕಾಗುವ ಹಾನಿ ಅದರಿಂದ ಕಡಿಮೆಯಾಯಿತು.

ಬಾಟಲಿಯನ್ನು ನೋಡಿ ಖಾಲಾ, ‘ಇದೇನು, ನನಗೆ ದೂಧ್ ಹಾಕುತ್ತಿದ್ದಾರೆ!’ ಎಂದು ನಕ್ಕರು. ನಿಜವಾಗಿಯೂ ಅದು ಹಾಲಿನಂತೆ ಬೆಳ್ಳಗಿತ್ತು. ಮೂರು ಗಂಟೆಯ ಡ್ರಿಪ್ ಅರ್ಧ ಗಂಟೆಯಲ್ಲಿ ಮುಗಿಯಿತು, ಉಸಿರೂ ಕಟ್ಟಲಿಲ್ಲ. ಬೆಲೆ ಮಾತ್ರ ಹೆಚ್ಚು. ಮಗಳ ಮದುವೆಯಲ್ಲಿ ಉಳಿದಿದ್ದ ಎರಡು ಬಳೆಗಳು ಅಶೋಕ ರಸ್ತೆಯ ಅಂಗಡಿ ಸೇರಿದವು.

ಗಡ್ಡೆ ಬೆಳೆಯುವಾಗ ಅವಸರದಲ್ಲಿ ಹುಟ್ಟುವ ರಕ್ತನಾಳಗಳ ಗೋಡೆ ಗಟ್ಟಿಯಿರುವುದಿಲ್ಲ, ಸಂದುಗಳಿರುತ್ತವೆ. ಆ ಸಂದುಗಳಿಂದ ನ್ಯಾನೋ ಕಣಗಳು ಒಳನುಗ್ಗುತ್ತವೆ ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. ಆದರೆ ಪವಾಡವೆಂದು ಭಾವಿಸಬೇಕಿಲ್ಲ. ಅದುವರೆಗಿನ ಪ್ರಯೋಗಗಳನ್ನು 2016ರಲ್ಲಿ ಟೊರೊಂಟೊ ವಿಶ್ವವಿದ್ಯಾನಿಲಯದ ಸಂಶೋಧಕರು ಒಟ್ಟಿಗಿಟ್ಟು ನೋಡಿದಾಗ, ಕೊಟ್ಟ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದು ಸರಿಸುಮಾರು ಶೇ. 0.7 ಮಾತ್ರ. ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದಿಟ್ಟುಕೊಳ್ಳುತ್ತವೆ.

ರೋಗ ಪತ್ತೆಗೂ ಈ ವಿದ್ಯೆ ಬರುತ್ತಿದೆ. ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೋ ಕಣಗಳದ್ದು. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2023ರಲ್ಲಿ ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿ 8 ನ್ಯಾನೋಮೀಟರಿನ ಕಣಗಳನ್ನು ಮಾಡಿದರು. ಬೆಳಕು ಬಿದ್ದರೆ ಅವು ಬಿಸಿಯಾಗಿ ಕ್ಯಾನ್ಸರ್ ಕೋಶವನ್ನು ಸುಡುತ್ತವೆ. ಜೊತೆಗೆ ಶಬ್ದದ ಅಲೆ ಹೊರಡಿಸಿ ರೋಗ ಎಲ್ಲಿದೆಯೆಂದೂ ತಿಳಿಸಬಲ್ಲವು. ಪ್ರಯೋಗಾಲಯದ ಕೋಶಗಳ ಮೇಲೆ ಪರೀಕ್ಷಿಸಿದ ಸುದ್ದಿ ಇದು. ರೋಗಿಯ ಹಾಸಿಗೆಗೆ ಬರಲು ಇನ್ನೂ ದೂರ ನಡೆಯಬೇಕು.

ಈ ಸುದ್ದಿ ಓದಿ ನಮಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ಕಣ್ಣಿಗೆ ಕಾಣದ ಕೋಶವನ್ನು ಹುಡುಕಲು ವಿಜ್ಞಾನಿಗಳು ಹಗಲಿರುಳು ದುಡಿಯುತ್ತಿದ್ದಾರೆ. ಕೈಗೆ ಸಿಕ್ಕ ಗಂಟನ್ನು ನಾವು ಏಳು ತಿಂಗಳು ಮುಚ್ಚಿಟ್ಟೆವು. ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆಯೆಂದು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇವೆ. ತಡಮಾಡಿದ್ದು ನಾವು, ಹೆಸರಿಟ್ಟದ್ದು ತಕ್ದೀರಿಗೆ.

ಖಾಲಾ ಎರಡೂವರೆ ವರ್ಷ ಬದುಕಿದರು. ಮೊಮ್ಮಗನನ್ನು ಎತ್ತಿ ಆಡಿಸಿದರು. ಆ ದಿನಗಳನ್ನು ಕೊಟ್ಟ ಅಲ್ಲಾಹನಿಗೂ, ಆ ಬಿಳಿಯ ಮದ್ದನ್ನು ಮಾಡಿದವರಿಗೂ ನಾವು ಋಣಿಗಳು. ಏಳು ತಿಂಗಳು ಮೊದಲೇ ಹೋಗಿದ್ದರೆ ಇನ್ನೆಷ್ಟು ದಿನಗಳು ಸಿಗುತ್ತಿದ್ದವೋ.

ಈಚೆಗೆ ಅದೇ ಮಗಳು ಮಂಡಿ ಮೊಹಲ್ಲಾದ ತನ್ನ ಅತ್ತೆಮನೆಯಿಂದ ಫೋನ್ ಮಾಡಿದಳು. ‘ಆಪಾ, ನನಗೂ ಒಂದು ಗಂಟು ಸಿಕ್ಕಿದೆ. ಯಾರಿಗೂ ಹೇಳಬೇಡಿ.’ ತಾಯಿಯದೇ ದನಿ. ನಮ್ಮ ಕೈ ನಡುಗಿತು. ‘ಈ ಮಾತು ಮಾತ್ರ ಕೊಡಲಾರೆವು ಬೇಟಾ. ಇವತ್ತು ರಾತ್ರಿಯೇ ಗಂಡನಿಗೆ ಹೇಳು. ಬೆಳಿಗ್ಗೆ ನಾವೇ ಆಟೋ ತರುತ್ತೇವೆ’ ಎಂದೆವು.

ಬೆಳಿಗ್ಗೆ ಹೋದಾಗ ಗಂಡ ಆಗಲೇ ಸಿದ್ಧನಾಗಿದ್ದ. ಅತ್ತೆ ಬುರ್ಖಾ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಗಂಟು ಅಪಾಯದ್ದಲ್ಲವೆಂದು ವಾರದ ನಂತರ ವರದಿ ಬಂತು, ಅಲ್‌ಹಮ್ದುಲಿಲ್ಲಾಹ್. ಆಸ್ಪತ್ರೆಯಿಂದ ಹಿಂದಿರುಗುವಾಗ ಆ ಅತ್ತೆ ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: ‘ನನ್ನದನ್ನೂ ಒಮ್ಮೆ ತೋರಿಸೋಣವೇ?’