ಬೇರಿಂಗಿನ ನಾಡಿ ಹಿಡಿಯುವವರು

ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ನಿಂತರೆ ಅದರ ಬಿಸಿ ಮೊದಲು ತಟ್ಟುವುದು ಗೇಟಿನ ಹೊರಗೆ ಸಾಲುಗಟ್ಟಿದ ಲಾರಿ, ಟ್ರ್ಯಾಕ್ಟರುಗಳಿಗೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆಯ ಅಂಶವೂ ಇಳಿಯುತ್ತದೆ. ರೈತನಿಗೆ ಸಿಗುವುದು ತೂಕದ ದುಡ್ಡು. ಇಷ್ಟೆಲ್ಲಕ್ಕೂ ಎಷ್ಟೋ ಸಲ ಒಂದು ಬೇರಿಂಗ್ ಸಾಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ಕಾರ್ಖಾನೆಯಲ್ಲಿ ಫಿಟ್ಟರ್. ಹೋದ ಹಂಗಾಮಿನಲ್ಲಿ ನನ್ನನ್ನು ಒಳಗೆ ಕರೆದೊಯ್ದಾಗ, ಮೋಟಾರಿನ ಬೇರಿಂಗ್ ಇರುವ ಕಡೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡ. "ನೀವೂ ಕೇಳಿ ಸಾರ್" ಎಂದ. ನನಗೆ ಬರೀ ಗುಂಯ್ ಎಂದಿತು. ಅವನಿಗೆ ಅದರೊಳಗೆ ಸಣ್ಣ ಕರಕರ ಕೇಳಿಸಿತ್ತು. ಪಕ್ಕದಲ್ಲೇ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಕೂತಿತ್ತು. ಅದರ ಕೆಲಸವೂ ಇದೇ, ಹಗಲು ರಾತ್ರಿ.

ಮಕ್ಕಳೇ, ಒಂಬತ್ತನೇ ತರಗತಿಯ ಶಬ್ದದ ಪಾಠದ ಆವೃತ್ತಿ ನೆನಪಿದೆಯೆ? ನಿಮಿಷಕ್ಕೆ 1500 ಸುತ್ತುವ ಮೋಟಾರ್ ಸೆಕೆಂಡಿಗೆ 25 ಸುತ್ತುತ್ತದೆ. ಕಂಪನದಲ್ಲಿ 25 ಹರ್ಟ್ಸ್ ಜೋರಾದರೆ ತಿರುಗುವ ಭಾಗ ತೂಕ ತಪ್ಪಿದೆಯೆಂದು ಗುಮಾನಿ. 50 ಎದ್ದು ಕಂಡರೆ ಎರಡು ಶಾಫ್ಟುಗಳು ಒಂದೇ ನೇರಕ್ಕೆ ಕೂತಿಲ್ಲದಿರಬಹುದು. ಗೇರಿಗೆ 20 ಹಲ್ಲಿದ್ದರೆ ಹಲ್ಲಿಗೆ ಹಲ್ಲು ತಾಗುವುದು 500 ಸಲ. ಎಂಟು ಗುಂಡುಗಳ ಬೇರಿಂಗಿನ ಹೊರಬಳೆಯಲ್ಲಿ ಗುಳಿ ಬಿದ್ದರೆ? ಗುಂಡುಗಳ ಗುಂಪು ಶಾಫ್ಟಿಗಿಂತ ನಿಧಾನ, ಸುಮಾರು 0.4 ಪಟ್ಟು ವೇಗ. 8, 25, 0.4 ಗುಣಿಸಿ ನೋಡಿ, 80 ಬರುತ್ತದೆ. ಇವೆಲ್ಲ ಕಲಸಿಹೋದ ಸದ್ದನ್ನು ಬಿಡಿಸುವ ಗಣಿತ ಫ್ರಾನ್ಸಿನ ಫೋರಿಯೇ ಅವರದು. ತಮಾಷೆಯೆಂದರೆ 1822ರ ಅವರ ಗ್ರಂಥ ಶಾಖವನ್ನು ಕುರಿತದ್ದು! ಆ ಲೆಕ್ಕವನ್ನು ಕಂಪ್ಯೂಟರ್ ಚಕಚಕನೆ ಮಾಡುವ ದಾರಿಯನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದರು.

ಇಷ್ಟೆಲ್ಲ ಯಾಕೆ, ವರ್ಷಕ್ಕೊಮ್ಮೆ ಬೇರಿಂಗ್ ಬದಲಿಸಿದರಾಯಿತಲ್ಲ ಎನ್ನಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಗಳ ರಿಪೇರಿ ಲೆಕ್ಕ ಪರಿಶೀಲಿಸಿದ ವ್ಯಾಡಿಂಗ್ಟನ್ ಮತ್ತು ಸಂಗಡಿಗರಿಗೆ ಕಂಡದ್ದೇ ಬೇರೆ. ನಿಗದಿತ ತಪಾಸಣೆಗೆಂದು ಬಿಚ್ಚಿ ಜೋಡಿಸಿದ ಕೂಡಲೇ ವಿಮಾನಗಳು ಹೆಚ್ಚು ಕೆಡುತ್ತಿದ್ದವು. ಚೆನ್ನಾಗಿರುವುದನ್ನು ಬಿಚ್ಚುವುದೂ ಒಂದು ಅಪಾಯ.

"ಸೆನ್ಸರ್ ಬಂದ ಮೇಲೆ ಫಿಟ್ಟರ್ ಯಾಕೆ ಮೇಷ್ಟ್ರೇ, ಐ.ಟಿ.ಐ.ಗೆ ಸೇರಿಸಿದರೆ ಹುಡುಗನ ಗತಿ?" ಎಂದು ಪೋಷಕರೊಬ್ಬರು ಕೇಳಿದರು. ಅವರಿಗೆ ಈ ಹುಡುಗನ ಕಥೆಯನ್ನೇ ಹೇಳಿದೆ. ಸೆನ್ಸರ್ ಹಾಕಿದ ಹೊಸದರಲ್ಲಿ ಅದು ಸುಮ್ಮಸುಮ್ಮನೆ ಕೂಗುತ್ತಿತ್ತಂತೆ. ಕಬ್ಬಿನ ಹೊರೆ ಏರಿಳಿದರೆ ಕಂಪನವೂ ಏರಿಳಿಯುತ್ತದೆ. ಆ ಯಂತ್ರ ಆರೋಗ್ಯದಲ್ಲಿದ್ದಾಗ ಹೇಗಿರುತ್ತದೆಂದು ಅದಕ್ಕೆ ಯಾರಾದರೂ ಕಲಿಸಬೇಕು. ಇವನ ನೋಟ್‌ಬುಕ್ಕಿನಲ್ಲಿ ಯಾವ ದಿನ ಯಾವ ಸದ್ದು, ಬಿಚ್ಚಿದಾಗ ಏನು ಕಂಡಿತು ಎಲ್ಲವೂ ಇತ್ತು. ಎಂಜಿನಿಯರುಗಳು ಅದನ್ನು ಮುಂದಿಟ್ಟುಕೊಂಡೇ ಎಚ್ಚರಿಕೆಯ ಮಿತಿಗಳನ್ನು ತಿದ್ದಿದರು.

ಅದಕ್ಕೂ ಹಿಂದಿನ ಹಂಗಾಮಿನ ಕಥೆ ಬೇರೆ. ಸೆನ್ಸರ್ ಸರಿಯಾಗಿಯೇ ಕೂಗಿತ್ತು, ಇವನೂ ಹೇಳಿದ್ದ. ಟನ್ನಿನ ಲೆಕ್ಕ ಒಪ್ಪಿಸಬೇಕಾದ ಮೇಲಿನವರು "ಇನ್ನೆರಡು ದಿನ ಓಡಲಿ" ಎಂದರು. ಮರುದಿನ ರಾತ್ರಿಯೇ ಬೇರಿಂಗ್ ಕಚ್ಚಿಕೊಂಡು ಶಾಫ್ಟನ್ನೂ ಕೆಡಿಸಿತು. ಗೇಟಿನ ಸಾಲು ಹೆದ್ದಾರಿಗೆ ಬಂತು. ಬಯ್ಗುಳ ತಿಂದವನು ಫಿಟ್ಟರ್! ಈ ರೋಗಕ್ಕೆ ಯಾವ ಸೆನ್ಸರೂ ಇಲ್ಲ.

ನಾನು ಕೇಳಿಯೂ ಕೇಳಿಸದ ಆ ಕರಕರದ ಬೇರಿಂಗನ್ನು ಮಾತ್ರ ಈ ಸಲ ಬೇಗ ನೋಡಿಕೊಂಡರು. ಪಾತ್ರೆಗಳನ್ನು ಶುಚಿ ಮಾಡಲು ಹೇಗೂ ಗಿರಣಿ ನಿಲ್ಲಿಸುವ ದಿನ ಒಂದು ವಾರದಲ್ಲಿತ್ತು. ಅಲ್ಲಿಯವರೆಗೆ ದಿನವೂ ಗ್ರಾಫ್ ನೋಡುತ್ತ ಓಡಿಸಿ, ಅಂದು ಬದಲಿಸಿದರು. ಬಿಚ್ಚಿದಾಗ ಹೊರಬಳೆಯಲ್ಲಿ ಅಕ್ಕಿಕಾಳಿನಷ್ಟು ಗುಳಿ. ಕೇಳಿದ್ದಕ್ಕೆ ಅದನ್ನು ನನಗೇ ಕೊಟ್ಟ. ಈಗ ನಮ್ಮ ಪ್ರಯೋಗಾಲಯದ ಮೇಜಿನ ಮೇಲಿದೆ. ಹುಡುಗರು ಬೆರಳಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಎಣಿಸುತ್ತಾರೆ.